ಬಾವಿಯ ಆಳವನ್ನು ಓದುವ ಗಾಜಿನ ಎಳೆ

ಅನಿಲ ಬಾವಿಗೆ ಇಳಿಬಿಟ್ಟ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಂದು ಕಿಲೋಮೀಟರುಗಟ್ಟಲೆ ಆಳದವರೆಗೆ ಹೆಚ್ಚುಕಡಿಮೆ ಪ್ರತಿ ಮೀಟರಿನ ಉಷ್ಣಾಂಶವನ್ನೂ ತಿಳಿಸಬಲ್ಲದು. ಎಳೆಯೇ ಇಲ್ಲಿ ಸಂವೇದಕ. ಇದೇ ಈ ವಿಧಾನದ ಸೊಗಸು.

ಮೇಲಿನಿಂದ ಕಳುಹಿಸಿದ ಲೇಸರ್ ಮಿಡಿತದ ಅತ್ಯಲ್ಪ ಭಾಗ ಚದುರಿ ಹಿಂದಿರುಗುತ್ತದೆ. ಅದರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತದಲ್ಲಿ ಗುರುತಿಸಿದ ಬಗೆಯ ಚದುರುವಿಕೆಯೂ ಇರುತ್ತದೆ. ಹೀಗೆ ಚದುರಿದ ಬೆಳಕಿನಲ್ಲಿ ಎರಡು ಬಗೆ: ಲೇಸರಿಗಿಂತ ಗಿಡ್ಡ ತರಂಗಾಂತರದ ಆಂಟಿ-ಸ್ಟೋಕ್ಸ್ ಮತ್ತು ಉದ್ದ ತರಂಗಾಂತರದ ಸ್ಟೋಕ್ಸ್. ಬಿಸಿ ಏರಿದಂತೆ ಆಂಟಿ-ಸ್ಟೋಕ್ಸ್ ಬೆಳಕು ಎದ್ದುಕಾಣುವಷ್ಟು ಪ್ರಬಲವಾಗುತ್ತದೆ. ಸ್ಟೋಕ್ಸ್ ಬೆಳಕು ಅಷ್ಟಾಗಿ ಬದಲಾಗದು. ಎರಡರ ಅನುಪಾತದಿಂದ ಉಷ್ಣಾಂಶ ತಿಳಿದರೆ, ಬೆಳಕು ಮರಳಲು ಹಿಡಿದ ಸಮಯದಿಂದ ಆಳ ತಿಳಿಯುತ್ತದೆ: ಒಂದು ಮೀಟರು ಹೋಗಿಬರಲು ಸುಮಾರು 10 ನ್ಯಾನೋಸೆಕೆಂಡು.

ಆಳಕ್ಕಿಳಿದಂತೆ ನೆಲ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಬಂಡೆಯ ಪದರದಿಂದ ಬಾವಿಗೆ ನುಗ್ಗುವ ಅನಿಲವಾದರೋ ಒತ್ತಡ ಇಳಿದು ಹಿಗ್ಗುವಾಗ ಜೌಲ್-ಥಾಮ್ಸನ್ ಪರಿಣಾಮದಿಂದ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಹಾಗೆ ನುಗ್ಗುವುದು ನೀರಾದರೆ ಕೊಂಚ ಬಿಸಿಯಾಗುತ್ತದೆ. ಹಾಗಾಗಿ ಉಷ್ಣಾಂಶದ ರೇಖೆಯಲ್ಲಿ ಕಾಣುವ ತಗ್ಗುಗಳು ಅನಿಲ ಕೊಡುವ ಪದರಗಳತ್ತ ಬೊಟ್ಟು ಮಾಡುತ್ತವೆ. ಅವನ್ನು ಗಣಿತದ ಮಾದರಿಗೆ ಹೊಂದಿಸಿ, ಯಾವ ಪದರದಿಂದ ಎಷ್ಟು ಅನಿಲ ಬರುತ್ತಿದೆಯೆಂದು ಅಂದಾಜಿಸುತ್ತಾರೆ.

ಬಾವಿಯಲ್ಲಿನ ಹೈಡ್ರೋಜನ್ ಗಾಜಿನೊಳಗೆ ಸೇರಿ ಬೆಳಕನ್ನು ಮಂಕಾಗಿಸಬಲ್ಲದು. ಅದನ್ನು ತಡೆಯಲು ಎಳೆಗೆ ಇಂಗಾಲದ ಲೇಪ ಕೊಟ್ಟು ಲೋಹದ ಕೊಳವೆಯಲ್ಲಿ ಇರಿಸುತ್ತಾರೆ. ಹೀಗೆ ಕಾಪಾಡಿದ ಎಳೆ, ಉತ್ಪಾದನೆ ನಿಲ್ಲಿಸದೆಯೇ ಇಡೀ ಬಾವಿಯನ್ನು ಏಕಕಾಲಕ್ಕೆ ಗಮನಿಸುತ್ತಿರುತ್ತದೆ.