ಗತ್ತಿನ ಅಕ್ಷರ

ನಮ್ಮ ಕೆಜಿಎಫ್‌ನ ನಂದಿದುರ್ಗದ ಕಡೆ ಮನೆಗಳಿಗೆ ಹೋಗಿ ನೋಡಿ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದಾದರೂ ಸರ್ಟಿಫಿಕೇಟ್ ಇರುತ್ತದೆ. ಮಗನ ಓಟದ ಪಂದ್ಯದ್ದೋ, ಮಗಳ ಟೈಪಿಂಗ್ ಪರೀಕ್ಷೆಯದ್ದೋ. ಅದರ ನೆತ್ತಿಯಲ್ಲಿ ದಪ್ಪನೆಯ, ಮೂಲೆಮೂಲೆಯಾದ, ಮಸಿ ಕುಡಿದು ಊದಿಕೊಂಡಂಥ ಇಂಗ್ಲಿಷ್ ಅಕ್ಷರ. ಅಚ್ಚುಕೂಟದವರು ಅದನ್ನು ‘ಓಲ್ಡ್ ಇಂಗ್ಲಿಷ್’ ಎನ್ನುತ್ತಾರೆ. ಇಡೀ ಕುಲದ ಹೆಸರು ಬ್ಲ್ಯಾಕ್‌ಲೆಟರ್.

ಹೆಸರಿನಲ್ಲಿ ಇಂಗ್ಲಿಷ್ ಇದ್ದರೂ ಇದು ಒಂದು ಕಾಲಕ್ಕೆ ಯೂರೋಪಿನ ಹಲವು ನಾಡುಗಳ ಕೈಬರಹ. ಅಗಲ ಮೊನೆಯ ಲೇಖನಿಯಿಂದ ಒಂದೊಂದೇ ಗೀಟು ಎಳೆದು ಬರೆಯುತ್ತಿದ್ದರು. 1455ರ ಸುಮಾರಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದೂ ಇದರಲ್ಲೇ. ‘ಮಿನಿಮಮ್’ ಎಂಬ ಪದವನ್ನು ಈ ಬಗೆಯಲ್ಲಿ ಬರೆದರೆ ಸಾಲಾಗಿ 15 ಗೀಟು ನಿಲ್ಲುತ್ತವೆ, ಕಂಬಿಬೇಲಿಯ ಹಾಗೆ. ಎಲ್ಲಿ ಎಂ ಮುಗಿಯಿತು, ಎಲ್ಲಿ ಎನ್ ಶುರುವಾಯಿತು ಎಂದು ಹುಡುಕಬೇಕು. ಜರ್ಮನಿಯಲ್ಲಿ 20ನೇ ಶತಮಾನದವರೆಗೂ ಇದರ ಒಂದು ರೂಪ ಬಳಕೆಯಲ್ಲಿತ್ತು. 1941ರಲ್ಲಿ ಹಿಟ್ಲರನ ಸರ್ಕಾರವೇ ಅದಕ್ಕೆ ‘ಯಹೂದ್ಯರ ಅಕ್ಷರ’ವೆಂಬ ಸುಳ್ಳು ಹಣೆಪಟ್ಟಿ ಹಚ್ಚಿ ಕೈಬಿಟ್ಟಿತು. ಆ ಜರ್ಮನಿಯಿಂದ ಬಂದ ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತಲ್ಲ, ಅದರಲ್ಲಿ ಕನ್ನಡವೂ ದುಂಡಗೆ, ಇಂಗ್ಲಿಷೂ ಸರಳ. ಓದುವ ಪುಸ್ತಕಕ್ಕೆ ಏನು ಬೇಕೆಂದು ಅವರಿಗೆ ಗೊತ್ತಿತ್ತು.

ನನಗೆ ಈ ಅಕ್ಷರದ ಮೇಲೆ ಹಗೆಯಿಲ್ಲ. ಪತ್ರಿಕೆಯ ಹೆಸರಿಗೋ ಸಮಾಧಿಕಲ್ಲಿನ ಮೊದಲ ಸಾಲಿಗೋ ಚೆನ್ನಾಗಿಯೇ ಒಪ್ಪುತ್ತದೆ. ನ್ಯೂಯಾರ್ಕ್ ಟೈಮ್ಸ್‌ನ ತಲೆಬರಹ ನೋಡಿ, ಜರಿಯಂಚಿನ ಹಾಗಿದೆ. ಆದರೆ ಸೀರೆ ಪೂರ್ತಿ ಜರಿಯಾದರೆ ಉಡುವುದು ಹೇಗೆ? ಈಗ ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗುವುದರಿಂದ ಬಿರಿಯಾನಿ ಅಂಗಡಿಗೂ ಅದೇ, ಆಟೋದ ಬೆನ್ನಿಗೂ ಅದೇ. ಅದರಲ್ಲೂ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಹಾಕಿಬಿಟ್ಟರೆ ದೇವರೇ ಓದಬೇಕು!

ಕನ್ನಡಕ್ಕೂ ಈ ವೇಷ ತೊಡಿಸುವವರಿದ್ದಾರೆ. ದುಂಡನ್ನು ಮುರಿದು ತಲೆಕಟ್ಟನ್ನು ಭರ್ಜಿ ಮಾಡುತ್ತಾರೆ. ಥ, ಧಗಳ ನಡುವಿನ ಅಂತರ ಹೊಟ್ಟೆಯೊಳಗಿನ ಒಂದು ಚುಕ್ಕೆ. ದಪ್ಪ ಮಾಡಿದರೆ ಹೊಟ್ಟೆಯೇ ಮುಚ್ಚಿಹೋಗುತ್ತದೆ. ಒತ್ತಕ್ಷರವಂತೂ ಮಸಿಯ ಮುದ್ದೆ.

ನನ್ನ ತಕರಾರು ಹೆಚ್ಚಾಗಿ ಸರ್ಟಿಫಿಕೇಟಿನದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಮಕ್ಕಳಿಗೆ ಬೆಂಗಳೂರೇ ಗತಿ. ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಎದೆಗವಚಿಕೊಂಡ ಫೈಲುಗಳಲ್ಲಿ ಇವೇ ಹಾಳೆಗಳು. ಕೆಲಸ ಕೊಡುವವನು ಹುಡುಕುವುದು ಹೆಸರು, ಅಂಕ, ತಾರೀಕು. ಅವು ಮಾತ್ರ ಚುಕ್ಕಿಗೆರೆಯ ಮೇಲೆ ತೆಳು ಬಾಲ್‌ಪೆನ್ನಿನಲ್ಲಿ. ಬಿಸಿಲಿಗೆ ಮಾಸಿ, ಹೆಸರಿನ ಅರ್ಧ ಊಹೆಗೆ ಬಿಟ್ಟದ್ದು. ಕೊಟ್ಟವರ ದೊಡ್ಡಸ್ತಿಕೆ ಗಾಢವಾಗಿ ಉಳಿಯುತ್ತದೆ, ಗೆದ್ದವಳ ಹೆಸರು ಅಳಿಸುತ್ತದೆ. ಗೋಡೆಯತ್ತ ಬೆರಳು ತೋರಿಸಿ “ಇದರಲ್ಲಿ ನನ್ನ ಮಗಳ ಹೆಸರು ಯಾವುದು ಟೀಚರ್?” ಎಂದು ಕೇಳಿದ ತಾಯಂದಿರನ್ನು ಕಂಡಿದ್ದೇನೆ.

ಈಚೆಗೆ ಬಹುಮಾನ ಪತ್ರ ಅಚ್ಚಿಗೆ ಕೊಡುವಾಗ, ತಲೆಬರಹ ಸಣ್ಣದಿರಲಿ, ಮಗುವಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಗೆ, ದುಂಡಗೆ ಅಚ್ಚು ಹಾಕಿ ಎಂದೆ. “ಗತ್ತು ಹೋಗುತ್ತೆ ಮೇಡಂ” ಎಂದ ಹುಡುಗ. ಹೋಗಲಪ್ಪಾ, ಎಂದು ಹೆಸರುಗಳ ಪಟ್ಟಿ ಕೊಟ್ಟೆ.