ಉಲ್ಲೇಖಸಂಖ್ಯೆಯೂ ಮೂಲಪಾಠವೂ: ವಿನ್‌ಸ್ಟನ್ ರಾಯ್ಸರ 1970ರ ಪ್ರಬಂಧವನ್ನು ಕುರಿತು

ಒಬ್ಬ ವಿದ್ವಾಂಸನ ಬರಹವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂಬ ಲೆಕ್ಕದಿಂದ ಅವನ ಪ್ರಭಾವವನ್ನು ಅಳೆಯುವ ಪದ್ಧತಿ ವಿಜ್ಞಾನಕ್ಷೇತ್ರದಿಂದ ಹೊರಟು ಈಗ ಚರಿತ್ರೆಯ ವಿಭಾಗಗಳ ಬಾಗಿಲಿಗೂ ಬಂದಿದೆ. ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2010ರ ನಿಯಮಗಳ ಮೂಲಕ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕಗಳನ್ನು ಗೊತ್ತುಮಾಡಿದಂದಿನಿಂದ ಇಂಥ ಎಣಿಕೆಯ ವಿಷಯದಲ್ಲಿ ಉದಾಸೀನರಾಗಿರುವುದು ಯಾರಿಗೂ ಸಾಧ್ಯವಾಗಿಲ್ಲ. ಹೀಗಿರಲು, ಉಲ್ಲೇಖವೆಂಬ ಸಾಕ್ಷ್ಯದ ಬೆಲೆಯೆಷ್ಟೆಂಬುದನ್ನು, ಸಾಕ್ಷ್ಯಪರೀಕ್ಷೆಯನ್ನೇ ವೃತ್ತಿಯಾಗಿ ಉಳ್ಳ ನಾವು ವಿಚಾರಿಸಿ ನೋಡುವುದು ಅನುಚಿತವಾಗಲಾರದು. ಅದಕ್ಕಾಗಿ ಇಲ್ಲಿ ಆರಿಸಿಕೊಂಡಿರುವ ನಿದರ್ಶನ ಸಾಫ್ಟ್‌ವೇರ್ ಎಂಜಿನಿಯರಿಂಗ್ ಶಾಸ್ತ್ರದ್ದು. ಗಣಕಯಂತ್ರದ ಒಳಗುಟ್ಟುಗಳನ್ನು ನಾನು ಬಲ್ಲವನಲ್ಲ. ಆದರೆ ಪ್ರಕೃತ ಪ್ರಬಂಧವನ್ನು ಓದುವುದಕ್ಕೆ ಆ ಜ್ಞಾನ ಹೆಚ್ಚಾಗಿ ಬೇಕಾಗಿಲ್ಲ.

ವಿನ್‌ಸ್ಟನ್ ರಾಯ್ಸರು ಅಮೆರಿಕದ ಟಿಆರ್‌ಡಬ್ಲ್ಯು ಸಂಸ್ಥೆಯಲ್ಲಿದ್ದವರು. ವ್ಯೋಮನೌಕೆಗಳಿಗೆ ಸಂಬಂಧಿಸಿದ ಸಾಫ್ಟ್‌ವೇರನ್ನು ರಚಿಸಿ ಅನುಭವ ಪಡೆದವರು. ದೊಡ್ಡ ಸಾಫ್ಟ್‌ವೇರ್ ಕಾರ್ಯಗಳ ನಿರ್ವಹಣೆಯನ್ನು ಕುರಿತು 1970ರ ಆಗಸ್ಟಿನಲ್ಲಿ ವೆಸ್ಕಾನ್ ಸಮ್ಮೇಳನದಲ್ಲಿ ಅವರು ಮಂಡಿಸಿದ ಕಿರುಪ್ರಬಂಧಕ್ಕೆ ದೊರೆತಿರುವ ಉಲ್ಲೇಖಗಳು ಸಾವಿರಗಳ ಲೆಕ್ಕದಲ್ಲಿವೆ. ಅವುಗಳಲ್ಲಿ ಬಹುಭಾಗ ಒಂದೇ ಮಾತಿಗೆ ಆಧಾರವಾಗಿ ಬಂದಂಥವು: ‘ವಾಟರ್‌ಫಾಲ್’, ಅಂದರೆ ಜಲಪಾತ ಮಾದರಿಯನ್ನು ಪ್ರತಿಪಾದಿಸಿದವರು ರಾಯ್ಸರು ಎಂಬುದೇ ಆ ಮಾತು. ಬೇಕಾದುದೆಲ್ಲವನ್ನೂ ಮೊದಲೇ ಬರೆದಿಟ್ಟು, ವಿನ್ಯಾಸವನ್ನು ಮುಗಿಸಿ, ಆಮೇಲೆ ರಚನೆ, ಕಡೆಗೆ ಪರೀಕ್ಷೆ ಎಂದು ಹಂತಹಂತವಾಗಿ ಇಳಿಯತಕ್ಕ ಕ್ರಮ ಇದು. ಧುಮುಕಿದ ನೀರು ಮೇಲೇರದಂತೆ ಇಲ್ಲಿ ಕೆಲಸವೂ ಹಿಂದಿರುಗುವುದಿಲ್ಲ.

ಮೂಲವನ್ನು ತೆರೆದು ನೋಡಿದವರಿಗೆ ಆಶ್ಚರ್ಯ ಕಾದಿದೆ. ‘ವಾಟರ್‌ಫಾಲ್’ ಎಂಬ ಶಬ್ದವೇ ಅಲ್ಲಿಲ್ಲ. ಏಳು ಮೆಟ್ಟಿಲುಗಳ ಇಳಿಜಾರನ್ನು ತೋರಿಸುವ ಎರಡನೆಯ ಚಿತ್ರವೇನೋ ಇದೆ. ಆದರೆ ಆ ಚಿತ್ರವನ್ನು ಕೊಟ್ಟ ಬಳಿಕ ಲೇಖಕರು, ಮೂಲಭಾವನೆ ತಮಗೆ ಒಪ್ಪಿಗೆಯಾದರೂ ಅದನ್ನು ಹೀಗೆಯೇ ಆಚರಣೆಗೆ ತರುವುದು ಅಪಾಯಕರ, ಸೋಲಿಗೆ ಆಹ್ವಾನ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಪರೀಕ್ಷೆ ಕಟ್ಟಕಡೆಗೆ ಬರುವುದರಿಂದ ಕಾಲ, ಸ್ಮೃತಿಸ್ಥಾನ ಮೊದಲಾದವುಗಳ ನಿಜಸ್ಥಿತಿ ಆಗಲೇ ಮೊದಲಬಾರಿಗೆ ಅನುಭವಕ್ಕೆ ಬರುತ್ತದೆ. ದೋಷ ಕಂಡರೆ ಬುಡದಿಂದ ಮತ್ತೆ ತೊಡಗಬೇಕಾಗಿ, ವೆಚ್ಚವೋ ಅವಧಿಯೋ ನೂರಕ್ಕೆ ನೂರರಷ್ಟು ಮೀರಬಹುದು. ಪ್ರಬಂಧದ ಉಳಿದ ಭಾಗವೆಲ್ಲ ಇದಕ್ಕೆ ಪರಿಹಾರ. ಅವುಗಳಲ್ಲಿ ಮುಖ್ಯವಾದುದು, ಕೆಲಸವನ್ನು ಎರಡು ಸಲ ಮಾಡಿ ಎಂಬ ಸಲಹೆ: 30 ತಿಂಗಳ ಕಾರ್ಯವಾದರೆ ಮೊದಲು 10 ತಿಂಗಳಲ್ಲಿ ಒಂದು ಮಾದರಿಯನ್ನು ಕಟ್ಟಿ ನೋಡುವುದು.

ಹೀಗಿದ್ದೂ ಚಿತ್ರ ಉಳಿಯಿತು, ಎಚ್ಚರಿಕೆ ಅಳಿಯಿತು. ‘ವಾಟರ್‌ಫಾಲ್’ ಎಂಬ ಹೆಸರು 1976ರಲ್ಲಿ ಬೆಲ್ ಮತ್ತು ಥೇಯರ್ ಎಂಬಿಬ್ಬರ ಪ್ರಬಂಧದಲ್ಲಿ ಕಾಣಬರುತ್ತದೆ. ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ಹೊರಡಿಸಿದ 2167ನೆಯ ಮಾನಕವನ್ನು ಅನೇಕರು ಈ ಇಳಿಜಾರಿನ ಕ್ರಮವೆಂದೇ ಗ್ರಹಿಸಿದರು. ಆ ಸರಣಿಯ ಸ್ಥಾನಕ್ಕೆ ಬೇರೊಂದು ಮಾನಕ ಬಂದುದು 1994ರಲ್ಲಿ. ಉಲ್ಲೇಖಿಸಿದವರಲ್ಲಿ ಹಲವರು ಪುಟವನ್ನು ತಿರುವಲಿಲ್ಲವೆಂದೇ ಊಹಿಸಬೇಕಾಗಿದೆ. ಇದನ್ನು ಕಂಡು ನಾವು ನಗುವಂತಿಲ್ಲ. ಶಾಸನದ ಪಾಠವನ್ನು ನೋಡದೆ ಸಂಪಾದಕರ ಇಂಗ್ಲಿಷ್ ಸಾರಾಂಶವನ್ನೇ ನೆಚ್ಚಿ, ಅಡಿಟಿಪ್ಪಣಿಯಲ್ಲಿ ಮಾತ್ರ ಶಾಸನದ ಸಂಖ್ಯೆಯನ್ನು ಕಾಣಿಸುವ ರೂಢಿ ನಮ್ಮಲ್ಲಿಯೂ ಇಲ್ಲದೆ ಇಲ್ಲ.

ಈಚೆಗೆ ರಾಯ್ಸರ ಪಕ್ಷ ವಹಿಸುವವರು ಮತ್ತೊಂದು ದಿಕ್ಕಿಗೆ ವಾಲಿದ್ದಾರೆ. ಇವರ ದೃಷ್ಟಿಯಲ್ಲಿ ರಾಯ್ಸರು ಇಂದಿನ ಹಗುರ ಪದ್ಧತಿಗಳ ಮೂಲಪುರುಷರು. ಇದೂ ಒಪ್ಪತಕ್ಕ ಮಾತಲ್ಲ. 50 ಲಕ್ಷ ಡಾಲರಿನ ಯಂತ್ರಸಾಮಗ್ರಿಗೆ 30 ಪುಟಗಳ ವಿವರಣೆ ಸಾಕು, ಅಷ್ಟೇ ಬೆಲೆಯ ಸಾಫ್ಟ್‌ವೇರಿಗೆ 1500 ಪುಟ ಬೇಕು ಎಂದವರು ಅವರು. ತಾವು ಹೇಳುವುದು ಸ್ವಂತ ಅಭಿಪ್ರಾಯವೆಂದು ಆರಂಭದಲ್ಲಿಯೇ ಒಪ್ಪಿಕೊಂಡಿರುವುದು ಪ್ರಾಮಾಣಿಕತೆಯೇ ಸರಿ. ಆದರೆ ನಡೆದ ಕಾರ್ಯಗಳ ಅಂಕಿಅಂಶಗಳನ್ನು ಮುಂದಿಟ್ಟು ವಾದಿಸದಿರುವುದು ಈ ಪ್ರಬಂಧದ ನಿಜವಾದ ಕೊರತೆ. ಸಾವಿರಾರು ಉಲ್ಲೇಖಗಳ ನಡುವೆ ಈ ಕೊರತೆಯ ಚರ್ಚೆ ವಿರಳ.

ಯೂಜೀನ್ ಗಾರ್‌ಫೀಲ್ಡರು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉಲ್ಲೇಖಸೂಚಿಯ ಕಲ್ಪನೆಯನ್ನು ಮುಂದಿಟ್ಟಾಗ ಅವರಿಗೆ ಮಾದರಿಯಾಗಿದ್ದುದು ಅಮೆರಿಕದ ವಕೀಲರು 1873ರಿಂದ ಬಳಸುತ್ತಿದ್ದ ಶೆಪರ್ಡ್ ಸೂಚಿ. ಹಳೆಯ ತೀರ್ಪೊಂದನ್ನು ಮುಂದಿನ ನ್ಯಾಯಾಲಯ ಅನುಸರಿಸಿತೋ, ತಳ್ಳಿಹಾಕಿತೋ, ಈ ಮೊಕದ್ದಮೆಗೆ ಅನ್ವಯಿಸದೆಂದಿತೋ ಎಂಬುದನ್ನು ಅಲ್ಲಿ ಒಂದೊಂದು ಸಂಕೇತಾಕ್ಷರ ತಿಳಿಸುತ್ತದೆ. ವಿಮರ್ಶೆಯಿಲ್ಲದ ಉಲ್ಲೇಖವನ್ನು ತಡೆಯುವುದೇ ಗಾರ್‌ಫೀಲ್ಡರ ಉದ್ದೇಶಗಳಲ್ಲೊಂದಾಗಿತ್ತು. 2005ರಲ್ಲಿ ಹಿರ್ಷ್ ಅವರ ‘ಎಚ್’ ಸೂಚ್ಯಂಕ ಬರುವ ಹೊತ್ತಿಗೆ ಸಂಕೇತಾಕ್ಷರಗಳ ಮಾತೇ ಇರಲಿಲ್ಲ, ಎಣಿಕೆಯೊಂದು ಉಳಿದಿತ್ತು.

ಕಳೆದ ವರ್ಷ ನಾನು ತುಂಬಿಕೊಡಬೇಕಾಗಿದ್ದ ನಮೂನೆಯಲ್ಲಿಯೂ ಉಲ್ಲೇಖಗಳ ಸಂಖ್ಯೆಗೆ ಒಂದು ಅಂಕಣವಿದ್ದಿತು. ನನ್ನ ಲೇಖನವೊಂದಕ್ಕೆ ಮೂರು ಉಲ್ಲೇಖಗಳು ದೊರೆತಿದ್ದವು; ಅವುಗಳಲ್ಲೊಂದು ನಾನು ಮಾಡಿದ್ದ ಕಾಲನಿರ್ಣಯವನ್ನು ಸಕಾರಣವಾಗಿಯೇ ಖಂಡಿಸಿತ್ತು. ಮೂರೆಂದೇ ಬರೆದುಕೊಟ್ಟೆ.