ಘೋಷಣೆಯಲ್ಲಿ ಕಾಣದ ಕಾನೂನು

2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ್ದ ಮುಸ್ಲಿಮ್ ವಿದ್ವಾಂಸರು ಹವಾಮಾನ ಬದಲಾವಣೆಯ ಕುರಿತು ಒಂದು ಘೋಷಣೆ ಹೊರಡಿಸಿದರು. ಮನುಷ್ಯ ಭೂಮಿಯ ಒಡೆಯನಲ್ಲ, ಅಲ್ಲಾಹನ ಪ್ರತಿನಿಧಿ ಮಾತ್ರ. ಸೃಷ್ಟಿಯ ಸಮತೋಲನವನ್ನು ಕೆಡಿಸುವ ಹಕ್ಕು ಅವನಿಗಿಲ್ಲ ಎಂಬುದು ಅದರ ತಿರುಳು. ಶ್ರೀಮಂತ ರಾಷ್ಟ್ರಗಳೂ ತೈಲ ಉತ್ಪಾದಿಸುವ ರಾಷ್ಟ್ರಗಳೂ ಶತಮಾನದ ಮಧ್ಯಭಾಗದೊಳಗೆ ಹಸಿರುಮನೆ ಅನಿಲಗಳನ್ನು ಹೊರಬಿಡುವುದನ್ನು ನಿಲ್ಲಿಸಬೇಕೆಂದು ಅದು ಕರೆ ನೀಡಿತು. ತೈಲ ಸಂಪತ್ತಿನ ಮುಸ್ಲಿಮ್ ದೇಶಗಳನ್ನೂ ಬಿಡದೆ ಹೇಳಿದ ಈ ಮಾತು ಖಂಡಿತ ಮೆಚ್ಚತಕ್ಕದ್ದು.

ಆದರೆ ಇದು ಆತ್ಮಸಾಕ್ಷಿಗೆ ಮಾಡಿದ ಮನವಿ. ಇಸ್ಲಾಮೀ ಪರಂಪರೆ ಮನವಿಯಲ್ಲಿಯೇ ನಿಂತಿಲ್ಲ. ಯಾರೂ ಯಾರಿಗೂ ಹಾನಿ ಮಾಡಬಾರದೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಫಿಕ್‌ಹ್ ವಿದ್ವಾಂಸರು ಕಾನೂನಿನ ಮೂಲಸೂತ್ರವಾಗಿಸಿದರು. ಬಾವಿಯ ಸುತ್ತ ‘ಹರೀಮ್’ ಎಂಬ ಗಡಿ ಗುರುತಿಸಿದರು. ಅದರೊಳಗೆ ಇನ್ನೊಬ್ಬ ಬಾವಿ ತೋಡಿ ಮೊದಲಿನ ಬಾವಿಯ ನೀರು ಬತ್ತಿಸುವಂತಿಲ್ಲ. ಸಾರ್ವಜನಿಕ ಹಿತಕ್ಕಾಗಿ ಹುಲ್ಲುಗಾವಲನ್ನು ‘ಹಿಮಾ’ ಎಂದು ಕಾದಿರಿಸಿದರು. ಇಲ್ಲಿ ಗಡಿಯೂ ಇದೆ, ಹಾನಿಗೊಳಗಾದವನ ಹಕ್ಕೂ ಇದೆ, ದೂರು ಕೇಳುವ ಖಾಝಿಯೂ ಇದ್ದಾನೆ. ಘೋಷಣೆಯನ್ನು ಕಡೆಗಣಿಸಿದ ರಾಷ್ಟ್ರವನ್ನು ಪ್ರಶ್ನಿಸುವವರು ಯಾರು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಈ ಕೊರತೆ ಇಸ್ತಾಂಬುಲ್‌ನದ್ದು ಮಾತ್ರವೇ? ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಹದೀಸ್ ನಮ್ಮ ಪ್ರವಚನಗಳಲ್ಲಿ ಬರುತ್ತದೆ. ಆದರೆ ಮಸೀದಿಗೆ ಬೋರ್‌ವೆಲ್ ಕೊರೆಸುವಾಗ ನೆರೆಮನೆಯ ಬಾವಿಗೆ ಏನಾಗುತ್ತದೆಂದು ಎಷ್ಟು ಆಡಳಿತ ಸಮಿತಿಗಳು ಕೇಳುತ್ತವೆ? ಆ ನೆರೆಯವನು ಯಾವ ಧರ್ಮದವನೇ ಆಗಿರಲಿ, ಹಾನಿ ಮಾಡಬಾರದೆಂಬ ಸೂತ್ರ ಅವನಿಗೂ ಅನ್ವಯಿಸುತ್ತದೆ.